ಫೋನ್ ಬರದಿದ್ದರೂ ಜೇಬಿನಲ್ಲಿ ಗುರ್ ಅಂದ ಹಾಗಾಗುತ್ತದೆ, ಯಾಕೆ?

ಪ್ರಶ್ನೆ: ನಮಸ್ತೆ ಮೇಡಂ. ಇತ್ತೀಚೆಗೆ ಕೆಲಸ ಬದಲಾಯಿತು, ಜೊತೆಗೆ ಮನೆಯೂ. ನಾನೇ ಇಷ್ಟಪಟ್ಟು ಸೇರಿದ ಕೆಲಸ, ಸಂಬಳವೂ ಜಾಸ್ತಿ. ಆದರೂ ರಾತ್ರಿ ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಹಗಲಲ್ಲಿ ಜೇಬಿನಲ್ಲಿ ಫೋನ್ ವೈಬ್ರೇಟ್ ಆದ ಹಾಗಾಗುತ್ತದೆ, ತೆಗೆದು ನೋಡಿದರೆ ಏನೂ ಇಲ್ಲ. ಮೊನ್ನೆಯಂತೂ ಫೋನ್ ಟೇಬಲ್ ಮೇಲಿತ್ತು, ಆಗಲೂ ತೊಡೆಯ ಹತ್ತಿರ ಗುರ್ ಅಂತು! ನನಗೆ ತಲೆ ಕೆಡ್ತಾ ಇದೆಯಾ?

ಉತ್ತರ (ಮನಶ್ಶಾಸ್ತ್ರಜ್ಞೆ): ಖಂಡಿತ ಇಲ್ಲ, ಮೊದಲು ಆ ಭಯ ಬಿಡಿ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಆಸ್ಪತ್ರೆ ಸಿಬ್ಬಂದಿಯನ್ನು ಇದನ್ನೇ ಕೇಳಿದ್ದರು. ನೂರಕ್ಕೆ 68 ಮಂದಿ ನಮಗೂ ಹೀಗಾಗುತ್ತದೆ ಅಂದರು. ಬಟ್ಟೆ ಮೈಗೆ ಉಜ್ಜುವುದು, ಸ್ನಾಯು ಸಣ್ಣಗೆ ಅದುರುವುದು ಯಾವಾಗಲೂ ಇದ್ದದ್ದೇ, ಗಮನಕ್ಕೆ ಬರುವುದಿಲ್ಲ ಅಷ್ಟೇ. ಆದರೆ ಯಾವಾಗ ಕರೆ ಬರುತ್ತದೋ ಅಂತ ಕಾಯುತ್ತಾ ಕೂತ ಮಿದುಳು ಅದನ್ನೇ ಫೋನ್ ಅಂದುಕೊಳ್ಳುತ್ತದೆ. ಒಂದು ಕರೆ ತಪ್ಪಿಹೋಗುವುದಕ್ಕಿಂತ ಹತ್ತು ಸಲ ಸುಮ್ನೆ ಜೇಬು ಮುಟ್ಟಿ ನೋಡುವುದೇ ವಾಸಿ, ಅದರ ಲೆಕ್ಕ ಹಾಗೆ.

ನಿದ್ದೆಯ ವಿಷಯವೂ ಇದೇ. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ ಅಂತ 2016ರ ಒಂದು ಅಧ್ಯಯನದಲ್ಲಿ ಕಂಡಿದೆ. ಎಡಭಾಗಕ್ಕೆ ಸುದ್ದಿ ಮುಟ್ಟಿಸುವ ಬಲಕಿವಿಯಲ್ಲಿ ಅಪರೂಪದ ಸದ್ದು ಕೇಳಿಸಿದರೆ ಬೇಗ ಎಚ್ಚರವಾಗುತ್ತಿತ್ತು. ಕೆಲವು ದಿನ ಬಿಟ್ಟು ಅಲ್ಲೇ ಮತ್ತೆ ಮಲಗಿದಾಗ ಆ ವ್ಯತ್ಯಾಸ ಇರಲಿಲ್ಲ. ನಿಮಗೆ ಕೆಲಸವೂ ಹೊಸದು, ಮನೆಯೂ ಹೊಸದು, ಹಾಗಾಗಿ ಮಿದುಳು ಕಾವಲು ಬಿಡಲು ಇನ್ನೂ ಸ್ವಲ್ಪ ದಿನ ಹಿಡಿಯಬಹುದು. ಇಷ್ಟಪಟ್ಟ ಬದಲಾವಣೆಯೂ ಮೈಮನಸ್ಸಿಗೆ ಕೆಲಸ ಕೊಡುತ್ತದೆ. ಹೋಮ್ಸ್ ಮತ್ತು ರಾಹೆ ಅನ್ನುವ ಸಂಶೋಧಕರು 1967ರಲ್ಲಿ ಮಾಡಿದ ಒತ್ತಡದ ಪಟ್ಟಿಯಲ್ಲಿ ಮದುವೆಗೇ 50 ಅಂಕ ಇದೆ, ಮನೆ ಬದಲಿಸುವುದಕ್ಕೆ 20.

ಇನ್ನೊಬ್ಬರು: ಹಾಗಾದರೆ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿಬಿಟ್ಟರೆ ಮುಗಿಯಿತಲ್ವಾ?

ಉತ್ತರ: ಎಲ್ಲರೂ ಮೊದಲು ಮಾಡುವುದು ಅದನ್ನೇ, ಆದರೆ ಬಹಳ ಜನಕ್ಕೆ ಅದು ಹೊಂದುವುದಿಲ್ಲ. 2019ರ ಒಂದು ಪ್ರಯೋಗದಲ್ಲಿ ಕೆಲವರಿಗೆ ನೋಟಿಫಿಕೇಶನ್‌ಗಳನ್ನು ಒಟ್ಟುಗೂಡಿಸಿ ದಿನಕ್ಕೆ 3 ಸಲ ಮಾತ್ರ ತಲುಪಿಸಿದರು. ಅವರ ಒತ್ತಡ ಇಳಿಯಿತು, ಗಮನ ಸುಧಾರಿಸಿತು. ಪೂರ್ತಿ ನಿಲ್ಲಿಸಿದವರಿಗೆ ಮಾತ್ರ ಏನೋ ತಪ್ಪಿಹೋಯಿತು ಅನ್ನುವ ಆತಂಕ ಹೆಚ್ಚಾಯಿತು. ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ ಕಾಯುವ ಕೆಲಸವೇ ಇರುವುದಿಲ್ಲ ನೋಡಿ.

ಮತ್ತೆ ಮೊದಲಿನವರು: ಬಾಸ್ ಮೆಸೇಜ್ ಯಾವಾಗ ಬೇಕಾದರೂ ಬರುತ್ತದೆ ಮೇಡಂ. ಅದು ನಮ್ಮ ಕೈಯಲ್ಲಿ ಇಲ್ವಲ್ಲ?

ಉತ್ತರ: ಪೂರ್ತಿ ಇಲ್ಲ, ಒಪ್ಪಿದೆ. ಆದರೆ ಪೂರ್ತಿ ಇರಬೇಕಾಗಿಯೂ ಇಲ್ಲ. ಗ್ಲಾಸ್ ಮತ್ತು ಸಿಂಗರ್ ಅನ್ನುವ ಸಂಶೋಧಕರು 1970ರ ಆಸುಪಾಸಿನಲ್ಲಿ ಜನರನ್ನು ಜೋರು ಗದ್ದಲದ ನಡುವೆ ಕೂರಿಸಿ ಕೆಲಸ ಕೊಟ್ಟಿದ್ದರು. ಕೆಲವರಿಗೆ ಮಾತ್ರ ಒಂದು ಬಟನ್ ತೋರಿಸಿ, ತೀರಾ ತಡೆಯದಿದ್ದರೆ ಒತ್ತಿ, ಸದ್ದು ನಿಲ್ಲುತ್ತದೆ ಅಂದರು. ಅವರಲ್ಲಿ ಬಹುತೇಕರು ಬಟನ್ ಒತ್ತಲೇ ಇಲ್ಲ, ಗದ್ದಲ ಇಬ್ಬರಿಗೂ ಒಂದೇ. ಆದರೂ ಆಮೇಲೆ ಕೊಟ್ಟ ಕಷ್ಟದ ಒಗಟುಗಳನ್ನು ಬಿಡಿಸುವಾಗ ಬಟನ್ ಇದ್ದವರು ಹೆಚ್ಚು ಹೊತ್ತು ಪಟ್ಟು ಹಿಡಿದರು. ಬೇಕಾದರೆ ನಿಲ್ಲಿಸಬಹುದು ಅನ್ನುವ ಅರಿವೇ ಅಷ್ಟು ಕೆಲಸ ಮಾಡುತ್ತದೆ. ಇದನ್ನು ನಾನು ಬರುವವರಿಗೆಲ್ಲ ಹೇಳುತ್ತೇನೆ.

ನೀವು ಮಾಡಬಹುದಾದದ್ದು ಇಷ್ಟು. ಸಂಜೆ ಮೇಲೆ ತುರ್ತಿದ್ದರೆ ಮೆಸೇಜ್ ಬೇಡ, ನೇರ ಫೋನ್ ಮಾಡಿ ಅಂತ ಬಾಸ್‌ಗೆ ಹೇಳಿ. ಅವರ ನಂಬರ್‌ಗೆ ಬೇರೆ ರಿಂಗ್‌ಟೋನ್ ಇಡಿ, ವೈಬ್ರೇಶನ್ ತೆಗೆದುಬಿಡಿ. ಆ ಸದ್ದು ಬರದಿದ್ದರೆ ಏನೂ ತುರ್ತಿಲ್ಲ ಅಂತ ಗೊತ್ತಾಗುತ್ತದೆ. ಕೆಲವು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಅಥವಾ ಹಗಲಿನ ಕೆಲಸ ಕೆಡುತ್ತಿದ್ದರೆ ಡಾಕ್ಟರನ್ನು ಕಾಣಿ. ಬದುಕೇ ಬೇಡ ಅನ್ನುವ ಯೋಚನೆ ಬಂದರಂತೂ ಕಾಯಲೇಬೇಡಿ, ಅವತ್ತೇ ಹೋಗಿ, ಹತ್ತಿರದವರಿಗೆ ಹೇಳಿ.