ಸ್ವಂತ ಮನೆಯನ್ನು ಲೆಟ್ಟಿಂಗ್ ಏಜೆಂಟ್ ಕೈಗೆ ಕೊಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಗುಂಪಿನಲ್ಲಿ ಒಬ್ಬ ತಂಗಿ ಕೇಳಿದ್ದರು. ಮಗಳ ಸ್ಕೂಲ್‌ಗೋಸ್ಕರ ಬೇರೆ ಏರಿಯಾಗೆ ಬಾಡಿಗೆಗೆ ಹೋಗ್ತಿದ್ದೀವಿ, ನಮ್ಮ ಸ್ವಂತ ಫ್ಲ್ಯಾಟನ್ನು ಬಾಡಿಗೆಗೆ ಕೊಡಿಸಿ ನೋಡಿಕೊಳ್ಳುವ ಲೆಟ್ಟಿಂಗ್ ಏಜೆಂಟ್‌ಗೆ ಕೊಡೋಣ ಅಂತಿದ್ದೀವಿ, ಏನೇನು ನೋಡಿಕೊಳ್ಳಬೇಕು ಅಂತ. ಎರಡು ಸಾಲಿನಲ್ಲಿ ಉತ್ತರ ಹಾಕೋಕೆ ನನಗೆ ಮನಸ್ಸು ಬರಲಿಲ್ಲ. ನಾವೂ ಇದೇ ಕಾರಣಕ್ಕೆ ಇದೇ ಕೆಲಸ ಮಾಡಿದ್ದೆವು. ಅದರಿಂದ ಹೊರಗೆ ಬರೋಕೆ ಒಂದು ವರ್ಷ ಹತ್ತಿರ ಹಿಡಿಯಿತು.

ನಮ್ಮದು ಲಂಡನ್ನಿನ ಹೊರವಲಯದಲ್ಲಿ ಎರಡು ಬೆಡ್‌ರೂಮಿನ ಲೀಸ್‌ಹೋಲ್ಡ್ ಫ್ಲ್ಯಾಟ್. ನನ್ನ ಮತ್ತು ನನ್ನ ಗಂಡನ ಹೆಸರಿನಲ್ಲಿದೆ. ಮಗ ಹೆಜ್ಜೆ ಇಟ್ಟಿದ್ದು ಅಲ್ಲೇ. ಅವನು ಸ್ಕೂಲಿಗೆ ಸೇರುವ ಹೊತ್ತಿಗೆ ನಾವು ಬೇರೆ ಕಡೆ ಹೊರಟೆವು. ಏಜೆಂಟ್ ಬಂದು ಮನೆ ನೋಡಿದರು. "ಗ್ಯಾರಂಟಿ ಬಾಡಿಗೆ ಯೋಜನೆ ಇದೆ, ಮನೆ ಖಾಲಿ ಇದ್ದರೂ ತಿಂಗಳು ತಿಂಗಳು ದುಡ್ಡು ಬರುತ್ತೆ, ನೀವು ತಲೆ ಕೆಡಿಸಿಕೊಳ್ಳೋದೇ ಬೇಡ" ಅಂದರು. ಚಿಕ್ಕ ಮಗು, ಇಬ್ಬರಿಗೂ ಕೆಲಸ. ತಲೆ ಕೆಡಿಸಿಕೊಳ್ಳೋದು ಬೇಡ ಅನ್ನೋ ಮಾತೇ ನಮಗೆ ಬೇಕಾಗಿತ್ತು. ಕರಾರಿನಲ್ಲಿ ಬಾಡಿಗೆದಾರರ ಜಾಗದಲ್ಲಿ ಒಂದು ಕಂಪನಿಯ ಹೆಸರಿತ್ತು. ತಮ್ಮ ಕೆಲಸದವರನ್ನು ಇರಿಸುತ್ತಾರೇನೋ ಅಂದುಕೊಂಡು ಸಹಿ ಹಾಕಿದೆವು. ಒಳಗಿನ ಒಂದು ಪುಟದಲ್ಲಿ, ಕಂಪನಿ ತನಗೆ ಬೇಕಾದವರಿಗೆ ಮನೆಯನ್ನು ಸಬ್‌ಲೆಟ್ ಮಾಡಬಹುದು, ಅಂದರೆ ಮರುಬಾಡಿಗೆಗೆ ಕೊಡಬಹುದು ಅಂತ ಒಂದೇ ಒಂದು ಸಾಲಿತ್ತು. ಅದನ್ನು ಓದಿಯೂ ನಮಗೆ ಅರ್ಥವಾಗಿರಲಿಲ್ಲ.

ಎಂಟು ತಿಂಗಳು ಬಾಡಿಗೆ ಸರಿಯಾಗಿ ಬಂತು. ಆಮೇಲೆ ಫ್ರೀಹೋಲ್ಡರ್, ಅಂದರೆ ಕಟ್ಟಡದ ಮೂಲ ಮಾಲೀಕರ ಕಡೆಯಿಂದ ಪತ್ರ ಬಂತು. ನಿಮ್ಮ ಫ್ಲ್ಯಾಟಿನಲ್ಲಿ ಒಂದಕ್ಕಿಂತ ಜಾಸ್ತಿ ಕುಟುಂಬಗಳಿವೆ, ಇದು ಲೀಸ್ ಉಲ್ಲಂಘನೆ ಅಂತ. ಆ ಶನಿವಾರವೇ ಹೋದೆವು.

ಹಾಲ್ ಅರ್ಧಕ್ಕೆ ಪ್ಲಾಸ್ಟರ್‌ಬೋರ್ಡ್ ಗೋಡೆ ಎದ್ದಿತ್ತು. ಅಡುಗೆಮನೆಯ ಒಂದೊಂದು ಕಪಾಟಿಗೂ ಒಂದೊಂದು ಬೀಗ. ಫ್ರಿಜ್‌ನಲ್ಲಿ ಹಾಲಿನ ಕ್ಯಾನ್‌ಗಳ ಮೇಲೆ ರೂಮಿನ ನಂಬರ್ ಬರೆದಿದ್ದರು. ಗೋಡೆ ಎದ್ದ ಹಾಲ್ ರೂಮಿನ ಒಂದು ಅರ್ಧದಲ್ಲಿ ಒಬ್ಬ ಹುಡುಗಿ, ಅವಳ ಗಂಡ, ಹತ್ತು ತಿಂಗಳ ಕೂಸು. ಕಿಟಕಿ ಗೋಡೆಯ ಆಚೆ ಕಡೆ ಹೋಗಿತ್ತು. ಇವರ ಕಡೆ ಹಗಲಲ್ಲೂ ದೀಪ ಹಾಕಬೇಕು. ನಮ್ಮ ಮಗನ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದ ಬಾಗಿಲ ಚೌಕಟ್ಟು ಹಾಗೇ ಇತ್ತು. ಆ ಕೂಸು ಅದನ್ನೇ ಹಿಡಿದುಕೊಂಡು ಎದ್ದು ನಿಲ್ಲುತ್ತಿತ್ತು. ತಾಯಿ ನನ್ನನ್ನು ನೋಡಿ "ನೀವು ಯಾರು?" ಅಂದಳು. ಮನೆ ನಮ್ಮದು ಅಂದೆ. ಅವಳು ಕೇಳಿದ ಮೊದಲ ಮಾತು, ನಾವು ಕೊಟ್ಟ ಡೆಪಾಸಿಟ್ ನಿಮ್ಮ ಹತ್ತಿರ ಇದೆಯಾ ಅಂತ. ನಮ್ಮ ಹತ್ತಿರ ಇರಲಿಲ್ಲ. ಡೆಪಾಸಿಟ್ ಕಾಪಾಡುವ ಯಾವ ಸ್ಕೀಮಿನಲ್ಲೂ ಕಂಪನಿ ಅದನ್ನು ಇಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವತ್ತು ರಾತ್ರಿ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಲೀಸ್‌ಹೋಲ್ಡ್ ಫ್ಲ್ಯಾಟ್ ಅಂದರೆ ನಾವು ಮಾಲೀಕರು ಅಂದುಕೊಂಡರೂ ಕಾಗದದ ಮೇಲೆ ನಾವು ಫ್ರೀಹೋಲ್ಡರ್‌ನ ದೀರ್ಘಕಾಲದ ಗುತ್ತಿಗೆದಾರರು. ನಾವು ಬಾಡಿಗೆಗೆ ಕೊಟ್ಟರೆ ಅದೇ ಸಬ್‌ಲೆಟ್. ಹಾಗಾಗಿ ಮೊದಲು ಓದಬೇಕಾದ್ದು ಏಜೆಂಟ್ ಕೊಡುವ ಬ್ರೋಷರ್ ಅಲ್ಲ, ನಿಮ್ಮ ಲೀಸ್. ಕೆಲವು ಲೀಸ್‌ಗಳಲ್ಲಿ ಅನುಮತಿ ಬೇಕು, ಕೆಲವದರಲ್ಲಿ ತಿಳಿಸಿದರೆ ಸಾಕು. ನಮ್ಮದರಲ್ಲಿ ಒಂದೇ ಕುಟುಂಬ ವಾಸಿಸಬೇಕು ಅಂತ ಸ್ಪಷ್ಟವಾಗಿ ಇತ್ತು. ಆಮೇಲೆ ಮಾರ್ಟ್‌ಗೇಜ್ ಕೊಟ್ಟವರು. ವಾಸಕ್ಕೆ ಅಂತ ತೆಗೆದುಕೊಂಡ ಸಾಲವಾದರೆ ಬಾಡಿಗೆಗೆ ಕೊಡೋಕೆ ಅವರ ಒಪ್ಪಿಗೆ ಪತ್ರ ಬೇಕು. ಇನ್ಶೂರೆನ್ಸ್ ಕೂಡ ಬದಲಾಗಬೇಕು. ನಾವು ಈ ಮೂರು ಕಡೆಗೂ ಹೇಳಿದ್ದೆವು. ಆದರೆ "ಒಂದು ಕಂಪನಿಗೆ, ಅದರಿಂದ ಮತ್ತೆ ಬೇರೆಯವರಿಗೆ" ಅಂತ ಹೇಳಿರಲಿಲ್ಲ. ನಮಗೇ ಗೊತ್ತಿರಲಿಲ್ಲವಲ್ಲ.

ಬೇರೆ ಬೇರೆ ಕುಟುಂಬಗಳ 3 ಅಥವಾ ಹೆಚ್ಚು ಜನ ಒಂದೇ ಅಡುಗೆಮನೆ, ಬಚ್ಚಲು ಹಂಚಿಕೊಂಡರೆ ಅದನ್ನು ಇಲ್ಲಿ ಎಚ್‌ಎಂಒ (ಹಲವು ಕುಟುಂಬ ಇರುವ ಮನೆ) ಅನ್ನುತ್ತಾರೆ. 5 ಅಥವಾ ಹೆಚ್ಚು ಜನ ಆದರೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕೌನ್ಸಿಲ್ (ಸ್ಥಳೀಯ ಆಡಳಿತ) ಲೈಸೆನ್ಸ್ ಬೇಕು. ಕೆಲವು ಕೌನ್ಸಿಲ್‌ಗಳು 3 ಜನಕ್ಕೂ ಕೇಳುತ್ತವೆ. ಲೈಸೆನ್ಸ್ ಇಲ್ಲದಿದ್ದರೆ ಒಳಗಿರುವವರು ಕಟ್ಟಿದ ಬಾಡಿಗೆಯನ್ನು ವಾಪಸ್ ಕೇಳಬಹುದು. 2023ರಲ್ಲಿ ಇಲ್ಲಿನ (ಯುಕೆ) ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಕೇಸು ನಮ್ಮದರ ಹಾಗೇ ಇತ್ತು. ಮನೆ ಕಂಪನಿಗೆ ಕೊಟ್ಟಿದ್ದು, ಕಂಪನಿ ರೂಮು ರೂಮಾಗಿ ಬೇರೆಯವರಿಗೆ ಕೊಟ್ಟಿದ್ದು. ಆಗ ಕೋರ್ಟ್, ಬಾಡಿಗೆ ವಾಪಸ್ ಮಾಡುವ ಆದೇಶ ನೇರವಾಗಿ ಬಾಡಿಗೆಗೆ ಕೊಟ್ಟವರ ಮೇಲೆ ಮಾತ್ರ, ಅವರ ಮೇಲಿನ ಮಾಲೀಕರ (ಕಂಪನಿಗೆ ಮನೆ ಕೊಟ್ಟ ನಮ್ಮಂಥವರ) ಮೇಲೆ ಅಲ್ಲ ಅಂದಿತು. 2025ರ ರೆಂಟರ್ಸ್ ರೈಟ್ಸ್ ಆಕ್ಟ್ ಇದನ್ನು ಬದಲಾಯಿಸಿದೆ. ಮೇಲಿನ ಮಾಲೀಕರೂ ಹೊಣೆ ಹೊರಬೇಕಾಗುತ್ತದೆ. ಹೆಚ್ಚೆಂದರೆ 2 ವರ್ಷದ ಬಾಡಿಗೆ. ಗ್ಯಾರಂಟಿ ಬಾಡಿಗೆ ಅಂತ ಯಾರಾದರೂ ಬಾಗಿಲಿಗೆ ಬಂದರೆ ದಯವಿಟ್ಟು ಇದನ್ನು ನೆನಪಿಡಿ.

ಕೊನೆಗೆ ನಾವು ಸಾಲಿಸಿಟರ್ ಮೂಲಕ ಪತ್ರ ಬರೆಸಿ ಕಂಪನಿಯಿಂದ ಮನೆ ಬಿಡಿಸಿಕೊಂಡೆವು. ಏಳು ತಿಂಗಳು ಹಿಡಿಯಿತು. ಕೂಸಿನ ಕುಟುಂಬವನ್ನು ಓಡಿಸಲಿಲ್ಲ. ಅವರಿಗೆ ಬೇರೆ ಮನೆ ಸಿಗೋವರೆಗೆ ಕಾದೆವು, ನಾನೇ ಒಂದು ರೆಫರೆನ್ಸ್ ಪತ್ರ ಬರೆದುಕೊಟ್ಟೆ. ಫ್ರೀಹೋಲ್ಡರ್‌ನ ಲಾಯರ್ ಖರ್ಚನ್ನೂ ನಾವೇ ಕಟ್ಟಿದೆವು. ಆ ಹುಡುಗಿಯ ಡೆಪಾಸಿಟ್ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಅದು ನನಗೆ ಈಗಲೂ ನೋವು.

ಏಜೆಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಈಗಲೂ ನಮ್ಮ ಫ್ಲ್ಯಾಟ್ ಬೇರೊಬ್ಬ ಏಜೆಂಟ್ ಕೈಯಲ್ಲಿದೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಈ ಸಲ ಬಾಡಿಗೆದಾರರ ಜಾಗದಲ್ಲಿ ಮನುಷ್ಯರ ಹೆಸರಿದೆ. ಅನುಮತಿ ಇಲ್ಲದೆ ಸಬ್‌ಲೆಟ್ ಮಾಡಬಾರದು ಅಂತ ಬರೆಸಿದ್ದೇವೆ. ಬಾಡಿಗೆ ದುಡ್ಡು ಏಜೆಂಟ್ ಅಕೌಂಟ್ ಮೂಲಕ ಬರುವುದರಿಂದ ಅವರು ನಮ್ಮ ದುಡ್ಡಿಗೆ ರಕ್ಷಣೆ ಕೊಡುವ ಕ್ಲೈಂಟ್ ಮನಿ ಪ್ರೊಟೆಕ್ಷನ್ ಸ್ಕೀಮಿನಲ್ಲಿ ಇರಲೇಬೇಕು. 2019ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಇದು ಕಡ್ಡಾಯ. ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ಡೆಪಾಸಿಟ್ ವಿಷಯ ಇನ್ನೂ ಮುಖ್ಯ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಲೆಕ್ಕ ಇಲ್ಲಿ ಇಲ್ಲ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ 5 ವಾರದ ಬಾಡಿಗೆಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು. ಏಜೆಂಟ್ ಮರೆತರೆ ದಂಡ ನಿಮ್ಮ ಮೇಲೂ ಬರುತ್ತದೆ, ಡೆಪಾಸಿಟ್‌ನ 3 ಪಟ್ಟಿನವರೆಗೆ. ಗ್ಯಾಸ್ ತಪಾಸಣೆ ಪ್ರತಿ ವರ್ಷ, ಎಲೆಕ್ಟ್ರಿಕಲ್ ತಪಾಸಣೆ 5 ವರ್ಷಕ್ಕೊಮ್ಮೆ. ಇವೆರಡನ್ನು ಒಳ್ಳೆ ಏಜೆಂಟ್‌ಗಳು ತಾವೇ ಮಾಡಿಸುತ್ತಾರೆ. ರೈಟ್ ಟು ರೆಂಟ್ ತಪಾಸಣೆ, ಅಂದರೆ ಬಾಡಿಗೆದಾರರಿಗೆ ಇಲ್ಲಿ ಬಾಡಿಗೆಗಿರಲು ವಲಸೆ ನಿಯಮದ ಪ್ರಕಾರ ಹಕ್ಕಿದೆಯಾ ಅಂತ ನೋಡುವ ಹೊಣೆ ಏಜೆಂಟ್ ಮೇಲೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಹೊಣೆ ನಿಮ್ಮದೇ. ಮತ್ತೆ, ಮೂರು ತಿಂಗಳಿಗೊಮ್ಮೆ ಏಜೆಂಟ್ ಮನೆ ನೋಡಲು ಹೋಗುವಾಗ, ಬಾಡಿಗೆದಾರರಿಗೆ ಮೊದಲೇ ತಿಳಿಸಿ, ನೀವೂ ಒಂದು ಸಲ ಹೋಗಿ ಬನ್ನಿ. ನಾವು ಎಂಟು ತಿಂಗಳು ಹೋಗಲಿಲ್ಲ.

ನಮ್ಮವರಿಗೇ ಕೊಡುವವರೂ ಇಲ್ಲಿ ಬಹಳ ಜನ ಇದ್ದೀರಿ. ಊರಿಂದ ಹೊಸದಾಗಿ ಬಂದವರು, ಪರಿಚಯದವರ ಪರಿಚಯ, ಕಾಗದ ಪತ್ರ ಅಂದರೆ ಬೇಜಾರಾಗುತ್ತಾರೆ ಅನ್ನೋ ಸಂಕೋಚ. ನನಗೆ ಅದು ಅರ್ಥ ಆಗುತ್ತೆ. ಆದರೂ ಕರಾರು ಮಾಡಿ, ಡೆಪಾಸಿಟ್ ಸ್ಕೀಮಿನಲ್ಲಿ ಇಡಿ. ಬಂದ ಹೊಸದರಲ್ಲಿ ಬ್ಯಾಂಕ್ ಅಕೌಂಟ್‌ಗೆ, ಮಕ್ಕಳ ಸ್ಕೂಲ್ ಅರ್ಜಿಗೆ, ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ತಿರ ಹೆಸರು ಬರೆಸೋಕೆ ವಿಳಾಸದ ಪುರಾವೆ ಕೇಳುತ್ತಾರೆ. ಸರಿಯಾದ ಕರಾರು ಕೈಯಲ್ಲಿದ್ದರೆ ಅವರಿಗೇ ಅನುಕೂಲ.

ಇನ್ನು ತಂಗಿಯ ಮಗಳ ಸ್ಕೂಲ್ ವಿಷಯ. ಇದನ್ನು ಏಜೆಂಟ್ ಹೇಳೋದಿಲ್ಲ. ಒಳ್ಳೆ ಸ್ಕೂಲಿನ ಹತ್ತಿರ ಬಾಡಿಗೆಗೆ ಹೋದ ಮಾತ್ರಕ್ಕೆ ಆ ವಿಳಾಸವನ್ನು ಕೌನ್ಸಿಲ್ ಒಪ್ಪಬೇಕು ಅಂತ ಇಲ್ಲ. ಹತ್ತಿರದಲ್ಲೇ ನಿಮ್ಮ ಸ್ವಂತ ಮನೆ ಇದ್ದು ಅದನ್ನು ಬಾಡಿಗೆಗೆ ಕೊಟ್ಟಿದ್ದರೆ, ಸ್ವಂತ ಮನೆಯ ವಿಳಾಸವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ಕೌನ್ಸಿಲ್‌ಗಳು ಸುಮಾರಿವೆ. ಪ್ರೈಮರಿಗೆ ಜನವರಿ 15, ಸೆಕೆಂಡರಿಗೆ ಅಕ್ಟೋಬರ್ 31 ಅರ್ಜಿಯ ಕೊನೆ ದಿನ. ಮನೆ ಬದಲಿಸುವ ಮುಂಚೆಯೇ ಆ ಕೌನ್ಸಿಲ್‌ನ ಅಡ್ಮಿಷನ್ ನಿಯಮ ಓದಿ, ಅನುಮಾನ ಇದ್ದರೆ ಇಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ.

ತಂಗಿ, ಮುಂದೆ ಮಗಳ ಸೆಕೆಂಡರಿ ಹೊತ್ತಿಗೆ ಸ್ವಂತ ಫ್ಲ್ಯಾಟಿಗೆ ವಾಪಸ್ ಬರೋಣ ಅಂತಲೂ ಬರೆದಿದ್ದಿರಿ. 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಕಾರಣ ಹೇಳದೆ ಖಾಲಿ ಮಾಡಿಸುವ ಸೆಕ್ಷನ್ 21 ನೋಟಿಸ್ ಇಲ್ಲ. ನಾವೇ ವಾಸಕ್ಕೆ ಬರುತ್ತೇವೆ ಅನ್ನೋದು ಒಪ್ಪುವ ಕಾರಣ, ಆದರೆ 4 ತಿಂಗಳ ನೋಟಿಸ್ ಕೊಡಬೇಕು. ಬಾಡಿಗೆ ಶುರುವಾದ ಮೊದಲ 12 ತಿಂಗಳಲ್ಲಿ ಈ ಕಾರಣಕ್ಕೆ ಬಿಡಿಸೋಕೆ ಆಗಲ್ಲ. ಸೆಪ್ಟೆಂಬರ್‌ಗೆ ಮನೆ ಬೇಕಿದ್ದರೆ ಏಪ್ರಿಲ್‌ನಲ್ಲೇ ನೋಟಿಸ್ ಹೋಗಿರಲಿ, ಯಾಕಂದರೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ಇನ್ನೂ ತಡ. ಒಂದು ವೇಳೆ ಊರಿಗೇ ಹೋಗಿ ಆರು ತಿಂಗಳಿಗಿಂತ ಜಾಸ್ತಿ ಇರುವ ಯೋಚನೆ ಇದ್ದರೆ, ಹೋಗುವ ಮುಂಚೆ ತೆರಿಗೆ ಇಲಾಖೆಗೆ ಎನ್‌ಆರ್‌ಎಲ್1 (ಹೊರದೇಶದಲ್ಲಿರುವ ಮನೆ ಮಾಲೀಕರ) ಅರ್ಜಿ ಹಾಕಿ. ಇಲ್ಲದಿದ್ದರೆ ಏಜೆಂಟ್ ಬಾಡಿಗೆಯಲ್ಲಿ ತೆರಿಗೆ ಹಿಡಿದುಕೊಂಡೇ ಉಳಿದದ್ದು ಕಳಿಸಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಬೇರೆ ಬೇರೆ ಹಾಕಬೇಕು.

ಏಜೆಂಟ್ ಕರಾರು ಕಳಿಸಿದ ಮೇಲೆ ಸಹಿ ಹಾಕುವ ಮುಂಚೆ ನನಗೊಂದು ಮೆಸೇಜ್ ಮಾಡಿ. ಶನಿವಾರ ಬೆಳಿಗ್ಗೆ ಮಗನ ಕನ್ನಡ ತರಗತಿ ನಡೆಯುವಾಗ ನಾನು ಹೊರಗೆ ಒಂದೂವರೆ ಗಂಟೆ ಕಾಯುತ್ತಿರುತ್ತೇನೆ. ನಿಮ್ಮ ಲೀಸ್ ಕೂಡ ತನ್ನಿ. ಇಬ್ಬರೂ ಕೂತು ಒಂದೊಂದೇ ಪುಟ ಓದೋಣ.