ಗಾಡಿ ಓಡಾಡದ ಕಾಡಿನ ರಸ್ತೆಗೆ ಯಾವ ಟೈರ್? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಅರಣ್ಯದೊಳಗಿನ ಡಾಂಬರು ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಿದ್ದೇನೆ. ಗೇಟ್ ಹಾಕಿರುವುದರಿಂದ ಕಾರು, ಬೈಕು ಬರುವುದಿಲ್ಲ. ನಡೆಯುವವರಿಗೂ ಸೈಕಲ್‌ನವರಿಗೂ ಮಾತ್ರ ದಾರಿ. ಹಿಂದೆ ಹಾರ್ನ್ ಇಲ್ಲ, ಪಕ್ಕದಲ್ಲಿ ಲಾರಿ ಇಲ್ಲ. ಇದನ್ನು ಬಿಟ್ಟು ಹೆದ್ದಾರಿಗೆ ಹೋಗಲು ಮನಸ್ಸೇ ಬರುತ್ತಿಲ್ಲ.

ತೊಂದರೆ ಇರುವುದು ರಸ್ತೆಯದೇ. ಗಾಡಿ ಓಡಾಡದ ಕಾರಣ ಬಿದ್ದ ಎಲೆ ಅಲ್ಲೇ ಕೊಳೆಯುತ್ತದೆ. ನೆರಳಿನ ತಿರುವುಗಳಲ್ಲಿ ಪಾಚಿ ಕಟ್ಟಿದೆ. ಮರದ ಬೇರುಗಳು ಡಾಂಬರನ್ನು ಅಡ್ಡಡ್ಡ ಎತ್ತಿಬಿಟ್ಟಿವೆ, ಮೇಲೆ ಎಲೆ ಮುಚ್ಚಿದ್ದರೆ ಕಾಣುವುದೇ ಇಲ್ಲ. ಮೊನ್ನೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಜಾರಿ ಎದೆ ಧಸಕ್ಕೆಂದಿತು.

ಈಗ ಇರುವುದು 25 ಎಂಎಂ ಅಗಲದ ಟೈರ್. ಫ್ರೇಮಿನಲ್ಲಿ 32ರವರೆಗೂ ಜಾಗ ಇದೆ. ಅಗಲದ ಟೈರಿಗೆ ಗಾಳಿ ಕಡಿಮೆ ಇಡಬಹುದು, ಕುಲುಕಾಟವೂ ಕಮ್ಮಿ, ಅಲ್ವಾ? ಹಾಗಾದರೆ 28 ಸಾಕಾ, ಸೀದಾ 32ಕ್ಕೇ ಹೋಗಲಾ? ನನ್ನ ತೂಕ 70 ಕೆ.ಜಿ., ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಇಡಲಿ? ಒದ್ದೆ ಪಾಚಿ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ ಅನ್ನುವುದಾದರೆ ಅದನ್ನೂ ನೇರವಾಗಿ ಹೇಳಿ. ಅಂಥ ತಿರುವಿನಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತೇನೆ.

ಇನ್ನೊಂದು ವಿಷಯ. ಒಳಗೆ ಫೋನ್ ಸಿಗ್ನಲ್ ಸಿಗುವುದಿಲ್ಲ. ಒಬ್ಬರೇ ಹೋಗುವವರು ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ, ದಯವಿಟ್ಟು ತಿಳಿಸಿ.