ಹೇಳಿದ ಕೆಲಸ ಆಗುತ್ತದೆ, ಆದರೆ ಯಾರೂ ನನಗೆ ಏನೂ ಹೇಳುವುದಿಲ್ಲ. ಏನು ಮಾಡಲಿ?

ಕೇಳಿದವರು: ತೋಟದ ಮ್ಯಾನೇಜರ್, ಸಿದ್ದಾಪುರ
ಕಾಫಿ ತೋಟದಲ್ಲಿ ಮ್ಯಾನೇಜರ್ ಆಗಿ ಎರಡು ವರ್ಷ ಆಯಿತು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಗೊಬ್ಬರ, ಡೀಸೆಲ್, ಯಾವ ಲೆಕ್ಕವೂ ತಪ್ಪಿಲ್ಲ. ಈ ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿ ಗಿಡಗಳಿಗೆ ಹೂವಿನ ನೀರು, ಅಂದರೆ ಮೊಗ್ಗು ಅರಳಿಸುವ ನೀರು, ಕೊಡಲು ಸ್ಪ್ರಿಂಕ್ಲರ್ ಹಾಕಿಸಿದೆ. ಕೆರೆಯಲ್ಲಿ ನೀರು ಕಮ್ಮಿ, ಬೇಗ ಮುಗಿಸುವ ಅವಸರ. ಕೆಳಗಿನ ಬ್ಲಾಕಿನಲ್ಲಿ ಮೊಗ್ಗು ಇನ್ನೂ ಬಲಿತಿರಲಿಲ್ಲ. ಹೂ ಅಲ್ಲೊಂದು ಇಲ್ಲೊಂದು ಬಂತು. ಮೇಸ್ತ್ರಿಯನ್ನು ಕೇಳಿದರೆ, "ಗೊತ್ತಿತ್ತು ಸಾರ್. ನೀವು ಕೇಳಲಿಲ್ಲ" ಅಂದರು. ಮೂವತ್ತು ವರ್ಷದಿಂದ ಇದೇ ತೋಟದಲ್ಲಿ ಇರುವವರು. ಆ ಮಾತು ಇನ್ನೂ ಚುಚ್ಚುತ್ತಿದೆ. ಇವರೆಲ್ಲ ನನ್ನ ಮಾತು ಕೇಳುತ್ತಾರೆ, ನನ್ನ ಜೊತೆ ಮಾತ್ರ ಇಲ್ಲ.

ಗೋಣಿಕೊಪ್ಪದಿಂದ
ಅವರಿಗೆ ಯಾವಾಗಲಾದರೂ ಎಲ್ಲರ ಎದುರು ಬೈದಿದ್ದೀರಾ?

ಕೇಳಿದವರು
ಹೌದು. ಹೋದ ಕೊಯ್ಲಿನಲ್ಲಿ ಹಸಿರು ಕಾಯಿ ಜಾಸ್ತಿ ಬಂತು ಅಂತ. ತೂಕದ ಹತ್ತಿರ, ಹೆಂಗಸರೆಲ್ಲ ಚೀಲ ಇಟ್ಟುಕೊಂಡು ನಿಂತಿದ್ದಾಗ.

ಪಾಲಿಬೆಟ್ಟದಿಂದ, ನಿವೃತ್ತ ಮ್ಯಾನೇಜರ್
ಅವರು ಬಾಯಿ ಮುಚ್ಚಿದ್ದು ಅವತ್ತೇ. ಎಲ್ಲರ ಎದುರು ಬೈದಿದ್ದರೆ, ತಪ್ಪಾಯಿತು ಅಂತ ಹೇಳುವುದೂ ಎಲ್ಲರ ಎದುರೇ ಆಗಬೇಕು. ನಾನೂ ಹಾಗೆ ಹೇಳಿದವನು, ಬೆಳಿಗ್ಗೆ ಹಾಜರಿ ಹೊತ್ತಿಗೆ. ಗಂಟಲು ಕಟ್ಟಿತ್ತು.

ಮಳೆಗೆ ಮುಂಚೆ ಮರಗಸಿ, ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಬರುತ್ತದೆ ಅಲ್ವಾ? ಯಾವ ಕೊಂಬೆ ತೆಗೆಯಬೇಕು ಅಂತ ಅವರನ್ನೇ ಕೇಳಿ. ನಾನು ಒಮ್ಮೆ ನೆರಳಿಗಿದ್ದ ಒಂದು ಹಾಲುವಾಣದ ಮರ ಕಡಿಸಲು ಹೊರಟಿದ್ದೆ. ನಮ್ಮ ಮೇಸ್ತ್ರಿ ಕಾಂಡದ ಮೇಲೆ ಕೈ ಇಟ್ಟು, "ಇದು ಹೋದರೆ ಈ ಸಾಲಿಗೆ ಸಂಜೆ ಬಿಸಿಲು ನೇರ ಹೊಡೆಯುತ್ತದೆ" ಅಂದರು. ಬಿಟ್ಟೆ. ಸುಮ್ನೆ ಕೇಳಿ ನಿಮಗೆ ಬೇಕಾದದ್ದನ್ನೇ ಮಾಡಿದರೆ ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಅವರ ಮಾತಿನಂತೆ ಮಾಡಿ ನಷ್ಟ ಆದರೆ, ಧಣಿಗಳ ಎದುರು "ನಾನು ಹೇಳಿ ಮಾಡಿಸಿದ್ದು" ಅನ್ನಿ. ಕಷ್ಟದ ಕೆಲಸ ಅದೇ.

ಸುಂಟಿಕೊಪ್ಪದಿಂದ
ನಾನು ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದವಳು. ಜೂನ್‌ಗೆ ಮೊದಲು ಮಾಡು ಸೋರುವುದನ್ನು ಸರಿ ಮಾಡಿಸಿದ ಮ್ಯಾನೇಜರ್ ಹೆಸರು ಅಮ್ಮ ಈಗಲೂ ಹೇಳುತ್ತಾರೆ.

ಕೇಳಿದವರು
ಇವತ್ತು ಹಾಜರಿಯಲ್ಲಿ ಹೇಳಿದೆ. ಮೇಸ್ತ್ರಿ ಏನೂ ಮಾತಾಡಲಿಲ್ಲ, ತಲೆ ತಗ್ಗಿಸಿ ನಿಂತರು. ಮಧ್ಯಾಹ್ನ ಎರಡನೇ ನೀರು ಯಾವಾಗ ಕೊಡೋಣ ಅಂತ ಕೇಳಿದೆ. ತುಂಬಾ ಹೊತ್ತು ಆಕಾಶ ನೋಡಿದರು. "ಎರಡು ದಿನ ತಡೆಯಿರಿ ಸಾರ್, ಮೋಡ ಕಟ್ಟುತ್ತಿದೆ" ಅಂದರು.

ಪಂಪ್ ನಿಲ್ಲಿಸಿದ್ದೇನೆ.